ನಿಶ್ಚಯವಾದ ಮೇಲೆ ಮನೆಯವರಿಗೆ ಹೇಳಿದವರು, ಹೇಳದವರು: ನಿಮ್ಮ ಅನುಭವ ತಿಳಿಸಿ

ಕೇಳಿದವರು (ಗದಗ-ಬೆಟಗೇರಿ, 28 ವರ್ಷ): ಮನೆಗೆ ನಾನೇ ಹಿರಿಯ ಮಗ. ಅಪ್ಪನಿಗೆ ಲಕ್ವ ಹೊಡೆದು ಎರಡು ವರ್ಷವಾಯಿತು, ತಂಗಿಯ ಮದುವೆ ಬಾಕಿಯಿದೆ. ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲಿ ಕೆಲಸ ಮಾಡುವ ಒಬ್ಬರನ್ನು ನಾಲ್ಕು ವರ್ಷದಿಂದ ಪ್ರೀತಿಸುತ್ತಿದ್ದೇನೆ, ಅವರೂ ಗಂಡಸು. ಕಳೆದ ತಿಂಗಳು ರಾಣೆಬೆನ್ನೂರಿನ ಹುಡುಗಿಯೊಂದಿಗೆ ನನ್ನ ನಿಶ್ಚಯವಾಗಿದೆ, ಲಗ್ನಪತ್ರಿಕೆ ಇನ್ನೂ ಅಚ್ಚಿಗೆ ಹೋಗಿಲ್ಲ. ಇದೇ ಸ್ಥಿತಿಯನ್ನು ದಾಟಿದವರು ಏನು ಮಾಡಿದಿರಿ ಎಂದು ದಯವಿಟ್ಟು ತಿಳಿಸಿ.

ಬ್ಯಾಡಗಿಯಿಂದ (46 ವರ್ಷ): ನಾನು 2009ರ ಮೇ ತಿಂಗಳಲ್ಲಿ ಮದುವೆಯಾದೆ, ಅದಕ್ಕೆ ಪಶ್ಚಾತ್ತಾಪವಿಲ್ಲ. ಸಕ್ಕರೆ ಕಾಯಿಲೆಯಿಂದ ಅವ್ವನ ಕಾಲಿನ ಎರಡು ಬೆರಳು ಆಗಲೇ ತೆಗೆದಿದ್ದರು. ಮದುವೆಗೆ 3,40,000 ರೂಪಾಯಿ ಖರ್ಚಾಯಿತು; ಐದು ತೊಲ ಬಂಗಾರಕ್ಕೇ 80,000 ದಾಟಿತು, ಉಳಿದದ್ದಕ್ಕೆ ದಲಾಲಿ ಅಂಗಡಿಯಲ್ಲಿ ಮುಂದಿನ ಸುಗ್ಗಿಯ ಮೆಣಸಿನಕಾಯಿಯ ಮೇಲೆ ಮುಂಗಡ ಎತ್ತಿದೆ. ಆ ವರ್ಷ ಅಕ್ಟೋಬರಿನ ಮಳೆಗೆ ಗಿಡ ನಿಂತಲ್ಲೇ ಕೊಳೆತು, ಸಾಲ ತೀರಲು ಐದು ವರ್ಷ ಹಿಡಿಯಿತು. ಆದರೂ ಅವ್ವ 2015ರಲ್ಲಿ ಕಣ್ಣು ಮುಚ್ಚುವವರೆಗೆ ಸೊಸೆಯ ಕೈಯಿಂದ ಬಿಸಿ ರೊಟ್ಟಿ ಉಂಡಳು. ನಾನು ಪ್ರೀತಿಸಿದವರು ಊರು ಬಿಟ್ಟರು. ಹೆತ್ತವರ ಋಣಕ್ಕಿಂತ ದೊಡ್ಡದು ಯಾವುದೂ ಇಲ್ಲವೆಂದು ನಾನು ಇಂದಿಗೂ ನಂಬಿದ್ದೇನೆ.

ಧಾರವಾಡದಿಂದ (ಮಹಿಳೆ, 38 ವರ್ಷ): ಅಂಥ ಮನೆಗೆ ಸೊಸೆಯಾಗಿ ಹೋದವಳು ನಾನು. ಆರು ವರ್ಷ ಮಕ್ಕಳಾಗದ್ದಕ್ಕೆ ಎಲ್ಲರೂ ನನ್ನನ್ನೇ ದೂರಿದರು, ಖಾಸಗಿ ಆಸ್ಪತ್ರೆಯೊಂದರಲ್ಲಿ ಎರಡು ಸಲ ನನ್ನ ಹೊಟ್ಟೆಗೆ ದುರ್ಬೀನು ಹಾಕಿಸಿದರು. ಬಿಲ್ಲುಗಳ ಮೊತ್ತ 1,86,000. ಅದರಲ್ಲಿ 1,10,000 ನನ್ನ ತವರಿನವರು ಕೊಟ್ಟದ್ದು. ಎರಡೂ ಸಲ ನನ್ನ ಗಂಡ, ನಾನು ಬಿಚ್ಚಿಟ್ಟ ಚಪ್ಪಲಿಗಳನ್ನು ತಮ್ಮ ಕಾಲ ಬಳಿ ಜೋಡಿಸಿಟ್ಟುಕೊಂಡು ಹೊರಗಿನ ಬೆಂಚಿನ ಮೇಲೆ ಕುಳಿತಿದ್ದರು. ನನ್ನಲ್ಲಿ ದೋಷವಿಲ್ಲವೆಂದು ಅವರೊಬ್ಬರಿಗೆ ಗೊತ್ತಿತ್ತು. ಕೊನೆಗೆ ಪರಸ್ಪರ ಒಪ್ಪಿಗೆಯ ವಿಚ್ಛೇದನಕ್ಕೆ ಹೋದೆವು. ಒಂದು ವರ್ಷ ಬೇರೆ ಇದ್ದ ಮೇಲೆ ಅರ್ಜಿ, ಅರ್ಜಿಯ ಮೇಲೆ ಮತ್ತೆ ಆರು ತಿಂಗಳು. ಈ ಆರು ತಿಂಗಳನ್ನು ನ್ಯಾಯಾಲಯ ಕೈಬಿಡಬಹುದೆಂದು ಸುಪ್ರೀಂ ಕೋರ್ಟು 2017ರಲ್ಲೇ ಹೇಳಿತ್ತು, ನಮ್ಮ ವಕೀಲರು ಅದನ್ನು ಕೇಳಲೇ ಇಲ್ಲ. ಬ್ಯಾಡಗಿಯವರೇ, ನಿಮ್ಮ ತಾಯಿಯ ಋಣವನ್ನು ತೀರಿಸಿದವರು ನೀವಲ್ಲ, ನಿಮ್ಮ ಹೆಂಡತಿ. ಆ ಹೆಣ್ಣುಮಗಳಿಗೆ ವಿಷಯ ಗೊತ್ತಿದೆಯೇ?

ಹಾವೇರಿಯವನು, ಈಗ ಹುಬ್ಬಳ್ಳಿ (34 ವರ್ಷ): 2018ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟು ಇದು ಅಪರಾಧವಲ್ಲವೆಂದು ತೀರ್ಪು ಕೊಟ್ಟಾಗ, ಇನ್ನು ಮನೆಯವರೂ ಒಪ್ಪುತ್ತಾರೆ ಎಂದುಕೊಂಡು ದೀಪಾವಳಿಗೆ ಊರಿಗೆ ಹೋಗಿ ಹೇಳಿಬಿಟ್ಟೆ. ಅಪ್ಪ ನನ್ನನ್ನು ವೈದ್ಯರೊಬ್ಬರ ಬಳಿ ಕರೆದೊಯ್ದರು. ಸಲಕ್ಕೆ 1,200 ರೂಪಾಯಿಯಂತೆ ಹದಿನಾಲ್ಕು ಸಲ, ಅಂದರೆ 16,800. ಬಸ್ಸಿನ ಖರ್ಚು, ಮಾತ್ರೆಗಳ ಖರ್ಚು ಬೇರೆ. ಆ ಮಾತ್ರೆಗಳಿಂದ ಮಧ್ಯಾಹ್ನದವರೆಗೆ ಎದ್ದು ಕೂರಲಾಗುತ್ತಿರಲಿಲ್ಲ, ಕೆಲಸ ಹೋಯಿತು. ಇಂಥ 'ಚಿಕಿತ್ಸೆ' ವೃತ್ತಿಯ ದುರ್ನಡತೆ ಎಂದು ರಾಷ್ಟ್ರೀಯ ವೈದ್ಯಕೀಯ ಆಯೋಗ ಸಾರಿದ್ದು 2022ರಲ್ಲಿ. ಕೊನೆಗೆ ಮೂರೂವರೆ ಎಕರೆಗೆ ಹಕ್ಕು ಬಿಡುಗಡೆ ಪತ್ರ ಬರೆದುಕೊಟ್ಟು ಹೊರಬಂದೆ. 2023ರ ಅಕ್ಟೋಬರ್ 17ರ ತೀರ್ಪಿನಲ್ಲಿ ನಮಗೆ ಮದುವೆಯ ಹಕ್ಕು ಸಿಗಲಿಲ್ಲ. ಆದರೆ ಜಂಟಿ ಖಾತೆ ತೆರೆಯಲು, ಸಂಗಾತಿಯನ್ನು ನಾಮಿನಿ ಮಾಡಲು ಅಡ್ಡಿಯಿಲ್ಲವೆಂದು ಹಣಕಾಸು ಸಚಿವಾಲಯ 2024ರ ಆಗಸ್ಟಿನಲ್ಲಿ ಸ್ಪಷ್ಟಪಡಿಸಿತು. ಇಬ್ಬರ ಹೆಸರೂ ಇರುವ ಪಾಸ್‌ಬುಕ್ಕು ನಮ್ಮ ದೇವರ ಜಗಲಿಯ ಮೇಲಿದೆ. ಅವ್ವನಿಗೆ ಪ್ರತಿ ತಿಂಗಳು 5,000 ಕಳಿಸುತ್ತೇನೆ, ಅಣ್ಣನಿಗೆ ಗೊತ್ತಾಗದಂತೆ.

ಬ್ಯಾಡಗಿಯಿಂದ: ಫೋನಿನಲ್ಲಿ ಹಣ ಕಳಿಸುವುದಕ್ಕೂ ಅವ್ವನ ಕಾಲಿನ ಹುಣ್ಣು ತೊಳೆಯುವುದಕ್ಕೂ ಬಹಳ ಅಂತರವಿದೆ, ತಮ್ಮಾ. ಆ ಹುಣ್ಣನ್ನು ದಿನವೂ ತೊಳೆದದ್ದು ನಾನೇ, ಸೊಸೆಯಲ್ಲ. ಪಿತ್ರಾರ್ಜಿತ ಜಮೀನಿನಲ್ಲಿ ಮಗನಿಗೆ ಹುಟ್ಟಿನಿಂದಲೇ ಪಾಲಿದೆ. ಅಪ್ಪ ಹೊರಗೆ ಹಾಕಿದರೆ ಅದು ಹೋಗುವುದಿಲ್ಲ, ನೀನು ಸಹಿ ಮಾಡಿದ್ದರಿಂದ ಹೋಯಿತು. ಹೊಲವನ್ನೂ ಬಿಟ್ಟು ಮನೆಯನ್ನೂ ಬಿಟ್ಟದ್ದನ್ನು ನಾನು ಧೈರ್ಯವೆಂದು ಒಪ್ಪುವುದಿಲ್ಲ.

ಹಾವೇರಿಯವನು: ಅಣ್ಣನವರೇ, ಪಾಲಿದೆ ಎಂಬುದು ನನಗೂ ಗೊತ್ತಿತ್ತು. ಸಹಿ ಮಾಡದಿದ್ದರೆ ತಂಗಿಯ ಸಂಬಂಧ ಮುರಿಯುತ್ತದೆ ಎಂದು ಅವ್ವ ಉಪನೋಂದಣಿ ಕಚೇರಿಯ ಮೆಟ್ಟಿಲ ಮೇಲೆ ನನ್ನ ಕೈ ಹಿಡಿದು ಅತ್ತಳು. ಅದನ್ನು ಕರ್ತವ್ಯವೆಂದು ನೀವು ಲೆಕ್ಕಕ್ಕೆ ಹಿಡಿಯುವುದಿಲ್ಲವಾದರೆ, ನಿಮ್ಮ ಐದು ತೊಲದ ಲೆಕ್ಕವೂ ನನಗೆ ಬೇಡ.

ಧಾರವಾಡದಿಂದ: ಇಬ್ಬರೂ ಹೊಲ ಮತ್ತು ಬಂಗಾರದ ಮೇಲೆ ಜಗಳಾಡುತ್ತಿದ್ದೀರಿ, ರಾಣೆಬೆನ್ನೂರಿನ ಆ ಹುಡುಗಿಯ ಬಗ್ಗೆ ಇಷ್ಟು ಹೊತ್ತು ಒಬ್ಬರೂ ಕೇಳಲಿಲ್ಲ. ಕೇಳಿದವರೇ, ಪತ್ರಿಕೆ ಅಚ್ಚಾಗುವ ಮೊದಲು ಈ ಸಂಬಂಧ ನಿಲ್ಲಿಸಿ, ಕಾರಣ ನನ್ನದೇ ಎಂದು ಅವಳ ಮನೆಯವರಿಗೆ ಹೇಳಿ; ಇಲ್ಲದಿದ್ದರೆ ಊರು ಅವಳಲ್ಲೇ ಕುಂದು ಹುಡುಕುತ್ತದೆ. ಬ್ಯಾಡಗಿಯವರು ನನ್ನ ಪ್ರಶ್ನೆಗೆ ಇನ್ನೂ ಉತ್ತರಿಸಿಲ್ಲ.

ಬ್ಯಾಡಗಿಯಿಂದ: ಉತ್ತರಿಸುತ್ತೇನೆ ಅಕ್ಕನವರೇ. ನಾನು ಪ್ರೀತಿಸಿದವರ ಒಂದು ಫೋಟೊವನ್ನು ಟ್ರಂಕಿನ ತಳಕ್ಕೆ ಹಾಸಿದ ಹಳೆಯ ಪತ್ರಿಕೆಯ ಕೆಳಗೆ ಇಟ್ಟಿದ್ದೆ. 2016ರ ಯುಗಾದಿಗೆ ಮನೆ ಸುಣ್ಣ ಬಳಿಯುವಾಗ ನನ್ನ ಹೆಂಡತಿ ಟ್ರಂಕು ಖಾಲಿ ಮಾಡಿ ಬಿಸಿಲಿಗಿಟ್ಟಳು. ಸಂಜೆ ನೋಡಿದರೆ ಹಾಸಿದ ಪತ್ರಿಕೆ ಹೊಸದಾಗಿತ್ತು, ಫೋಟೊ ಅದರ ಕೆಳಗೆ ಅದೇ ಮೂಲೆಯಲ್ಲಿತ್ತು. ಅವಳು ಏನೂ ಕೇಳಲಿಲ್ಲ. ನಾನೂ ಇಷ್ಟು ವರ್ಷ ಕೇಳಿಲ್ಲ.