ಪದಚರ್ಚೆ: ‘ಚಲನಶೀಲ ಹಗ್ಗ’, ‘ಸ್ಥಿರ ಹಗ್ಗ’ — ಬಂಡೆ ಹತ್ತುವವರಿಗೆ ಇವು ಒಗ್ಗುತ್ತವೆಯೇ?

ಬಲ್ಲವರಿಗೆ ನಮಸ್ಕಾರ.

ಬಂಡೆ ಹತ್ತಲು ಕಲಿಯುವವರಿಗೆಂದು ಕನ್ನಡದಲ್ಲೊಂದು ಕೈಪಿಡಿ ತಯಾರಾಗುತ್ತಿದೆ, ಕರಡು ತಿದ್ದುವ ಕೆಲಸ ನನ್ನ ಪಾಲಿಗೆ ಬಂದಿದೆ. ಡೈನಾಮಿಕ್ ರೋಪ್ ಅದರಲ್ಲಿ ‘ಚಲನಶೀಲ ಹಗ್ಗ’, ಸ್ಟ್ಯಾಟಿಕ್ ರೋಪ್ ‘ಸ್ಥಿರ ಹಗ್ಗ’. ನಿಘಂಟಿನ ಪ್ರಕಾರ ಸರಿ ಅನ್ನಿ. ಜುಮಾರ್ (ಹಗ್ಗದ ಮೇಲೆ ಮೇಲಕ್ಕೆ ಮಾತ್ರ ಜಾರುವ, ಭಾರ ಬಿದ್ದರೆ ಹಲ್ಲಿನಿಂದ ಹಗ್ಗ ಕಚ್ಚುವ ಹಿಡಿಕೆ) ಹಾಕಿ ಹಗ್ಗ ಹತ್ತುವ ಅಧ್ಯಾಯಕ್ಕೆ ಬಂದಾಗ ಮಾತ್ರ ಎರಡೂ ಪದ ಕೈಕೊಡುತ್ತವೆ. ಈ ವಾಕ್ಯ ನೋಡಿ: ‘ಮೇಲೆ ಸ್ಥಿರಗೊಳಿಸಿದ ಚಲನಶೀಲ ಹಗ್ಗವನ್ನು ಸ್ಥಿರ ಹಗ್ಗವೆಂದು ಭಾವಿಸಬಾರದು.’ ಓದಿದ ಹುಡುಗ ಏನು ಮಾಡಬೇಕು?

ಡೈನಾಮಿಕ್ ಹಗ್ಗ ಎಲ್ಲಿಗೂ ಚಲಿಸುವುದಿಲ್ಲ, ಹಿಗ್ಗುತ್ತದೆ. ಬಿದ್ದವನ ಸೊಂಟ ಮುರಿಯದಂತೆ ಪೆಟ್ಟನ್ನು ತಾನು ನುಂಗಿಕೊಳ್ಳುತ್ತದೆ. ಯುರೋಪಿನ ಇಎನ್ 892 ಮಾನಕದಂತೆ, ಒಂಟಿಯಾಗಿ ಬಳಸುವ ಹಗ್ಗಕ್ಕೆ 80 ಕಿಲೋ ನೇತುಹಾಕಿದರೆ ಶೇ. 10ರವರೆಗೆ ಹಿಗ್ಗಬಹುದು, ಪರೀಕ್ಷೆಯ ಮೊದಲ ಬೀಳುವಿಕೆಯಲ್ಲಿ ಶೇ. 40ರವರೆಗೆ. ಸ್ಟ್ಯಾಟಿಕ್ ಎನ್ನುವ ಹಗ್ಗದ ಹಿಗ್ಗಿಗೆ ಇಎನ್ 1891 ಮಾನಕದಲ್ಲಿ ಶೇ. 5ರ ಮಿತಿ. ಇದು ಹಗ್ಗದ ಗುಣ. ‘ಫಿಕ್ಸ್ಡ್’ ಎನ್ನುವುದು ಬೇರೆಯೇ ಸಂಗತಿ: ಮೇಲೆ ಗಟ್ಟಿಯಾಗಿ ಕಟ್ಟಿ ಇಳಿಬಿಟ್ಟದ್ದು. ಅಮೆರಿಕದ ಯೊಸೆಮಿಟಿಯ ಎಲ್ ಕ್ಯಾಪಿಟನ್‌ನಂಥ ಕಡಿದಾದ ಬಂಡೆಗೋಡೆಯಲ್ಲಿ ಮುಂದೆ ಹೋದವನು ಡೈನಾಮಿಕ್ ಹಗ್ಗವನ್ನೇ ಮೇಲೆ ಕಟ್ಟುತ್ತಾನೆ, ಹಿಂದಿನವನು ಅದರ ಮೇಲೇ ಜುಮಾರ್ ಹಾಕಿ ಬರುತ್ತಾನೆ. ಹಗ್ಗ ‘ಫಿಕ್ಸ್ಡ್’ ಹೌದು, ‘ಸ್ಟ್ಯಾಟಿಕ್’ ಅಲ್ಲ. ಎರಡಕ್ಕೂ ‘ಸ್ಥಿರ’ ಎಂದರೆ ಗೊಂದಲವಾಗದೆ ಇರುತ್ತದೆಯೇ?

ಅಪಾಯವಿರುವುದೂ ಅಲ್ಲೇ. 40 ಮೀಟರ್ ಹಗ್ಗ ಶೇ. 8ರಷ್ಟು ಹಿಗ್ಗುವಂಥದ್ದಾದರೆ, ಮೂರು ಮೀಟರಿಗೂ ಮಿಕ್ಕಿ ಹಗ್ಗ ಜುಮಾರಿನಲ್ಲಿ ಹಾದುಹೋದರೂ ಕಾಲು ನೆಲ ಬಿಟ್ಟಿರುವುದಿಲ್ಲ. ಆಮೇಲೆ ಒಂದೊಂದು ಹೆಜ್ಜೆಗೂ ಮೇಲೆ ಕೆಳಗೆ ತೂಗಾಟ. ಮೇಲೆಲ್ಲೋ ಕಲ್ಲಿನ ಅಂಚಿಗೆ ಹಗ್ಗ ತಾಗಿದ್ದರೆ ಅದೇ ಜಾಗ ಉಜ್ಜಿ ಉಜ್ಜಿ ಸವೆಯುತ್ತದೆ, ಹತ್ತುವವನಿಗೆ ಕಾಣುವುದೂ ಇಲ್ಲ. ಸ್ವಿಟ್ಜರ್ಲೆಂಡಿನ ಐಗರ್ ಶಿಖರದ ಉತ್ತರ ಮುಖದಲ್ಲಿ 1966ರಲ್ಲಿ ಅಮೆರಿಕದ ಪರ್ವತಾರೋಹಿ ಜಾನ್ ಹಾರ್ಲಿನ್ ಸತ್ತದ್ದು ಹೀಗೆ ಕಟ್ಟಿಬಿಟ್ಟ ಹಗ್ಗ ಹತ್ತುವಾಗ ಅದು ತುಂಡಾಗಿ. ಜುಮಾರಿನ ಹಲ್ಲಿನದು ಇನ್ನೊಂದು ಕತೆ: ಸುಮಾರು 400–600 ಕಿಲೋ ಭಾರದ ಜಗ್ಗು ಬಿದ್ದರೆ ಹಲ್ಲು ಜಾರುವುದಿಲ್ಲ, ಹಗ್ಗದ ಹೊರನೇಯ್ಗೆಯನ್ನೇ ಹರಿಯುತ್ತದೆ. ಹಗ್ಗ ಹೇಗೂ ಹಿಗ್ಗುತ್ತದಲ್ಲ ಎಂಬ ಧೈರ್ಯ ಮೇಲಿನ ಕಟ್ಟಿನ ಹತ್ತಿರ ನಡೆಯದು. ಅಲ್ಲಿ ಹಿಗ್ಗಲು ಹಗ್ಗವೇ ಉಳಿದಿರುವುದಿಲ್ಲ.

ನನಗೆ ತೋಚಿದ್ದು: ‘ಹಿಗ್ಗುವ ಹಗ್ಗ’, ‘ಹಿಗ್ಗು ಕಡಿಮೆಯ ಹಗ್ಗ’, ‘ಕಟ್ಟಿಬಿಟ್ಟ ಹಗ್ಗ’. ಎರಡನೆಯದು ಉದ್ದವಾಯಿತು. ಆದರೆ ‘ಹಿಗ್ಗದ ಹಗ್ಗ’ ಎನ್ನುವುದು ಸುಳ್ಳಾಗುತ್ತದೆ. ಗೆಳೆಯರೊಬ್ಬರು ‘ಜಗ್ಗುವ ಹಗ್ಗ’ ಸಾಕಲ್ಲ ಎಂದರು. ಧಾರವಾಡದ ಕಡೆಯವರಿಗೆ ಅದು ಎಳೆಯುವ ಹಗ್ಗ, ಹಗ್ಗಜಗ್ಗಾಟವೇ ನೆನಪಾದೀತು. ಹೊರನೇಯ್ಗೆಗೆ ‘ಸಿಪ್ಪೆ’, ಒಳಗಿನದಕ್ಕೆ ‘ತಿರುಳು’ ಎನ್ನಲು ನನ್ನ ಒಲವು. ‘ಸಿಪ್ಪೆ ಸುಲಿಯಿತು’ ಎಂದರೆ ಆಗಬಾರದ್ದು ಏನೆಂದು ಬಿಡಿಸಿ ಹೇಳಬೇಕಿಲ್ಲ. ಕರಡಿನಲ್ಲಿ ‘ಕವಚ’ ಎಂದಿದೆ, ಕರ್ಣನ ನೆನಪಾಗುತ್ತದೆ.

ಜುಮಾರನ್ನು ಹಾಗೆಯೇ ಬಿಡೋಣ. 1958ರಲ್ಲಿ ಅದನ್ನು ತಂದ ಸ್ವಿಸ್ ಜೋಡಿ ಯೂಸಿ ಮತ್ತು ಮಾರ್ಟಿ ಅವರ ಹೆಸರಿನ ತುಂಡುಗಳಿಂದ ಆದ ಪದ. ಉತ್ತರಕಾಶಿ, ಡಾರ್ಜಿಲಿಂಗ್‌ಗಳ ಪರ್ವತಾರೋಹಣ ಶಾಲೆಗಳಲ್ಲಿ ಕಲಿತು ಬಂದವರೂ ‘ಜುಮಾರಿಂಗ್’ ಎಂದೇ ಅನ್ನುತ್ತಾರೆ. ಕರಡಿನ ‘ಆರೋಹಕ’ದಿಂದ ‘ಆರೋಹಕನು ಆರೋಹಕವನ್ನು ಮೇಲಕ್ಕೆ ತಳ್ಳಿ’ ಎಂಬ ವಾಕ್ಯ ಹುಟ್ಟಿದೆ. ಕ್ರಿಯಾಪದವಾಗಿ ‘ಜುಮಾರಿಸು’ ಕಿವಿಗೆ ಹಿತವಿಲ್ಲ. ‘ಜುಮಾರ್ ಹಾಕಿ ಹತ್ತು’ ಸಾಲದೇ?

ಇನ್ನೊಂದು ಸಂದೇಹ. ಜುಮಾರಿಗೆ ತೂಗುಬಿಟ್ಟು ಕಾಲಿಡುವ ಕುಣಿಕೆಗೆ ‘ಪಾದಪಾಶ’ ಎಂದಿದ್ದಾರೆ. ಅಡಿಕೆ ಮರ ಹತ್ತುವವರು ಕಾಲಿಗೆ ಹಾಕಿಕೊಳ್ಳುವ ‘ತಳೆ’ ಇಲ್ಲಿ ನಿಲ್ಲುತ್ತದೆಯೇ? ತಳೆ ಎರಡೂ ಪಾದಗಳನ್ನು ಸೇರಿಸಿ ಮರಕ್ಕೆ ಒತ್ತುತ್ತದೆ. ಇಲ್ಲಿ ಕಾಲು ಗಾಳಿಯಲ್ಲಿ ಕುಣಿಕೆಯೊಳಗೆ ನಿಲ್ಲಬೇಕು. ಈ ವ್ಯತ್ಯಾಸ ಅಡ್ಡಿಯಾದೀತೇ, ಶಿರಸಿ, ತೀರ್ಥಹಳ್ಳಿ, ಪುತ್ತೂರು ಕಡೆಯವರು ಹೇಳಬೇಕು.