ಜೊಲ್ಲಲ್ಲಿ ನೆನೆಸಿದ ಮೊಟ್ಟೆ ಚಿಪ್ಪೂ ವಿನೆಗರಲ್ಲಿ ಕರಗ್ತಿದೆ, ಪ್ರೋಟೀನ್ ಪದರ ಯಾಕೆ ಕೆಲಸ ಮಾಡ್ತಿಲ್ಲ?

ಪ್ರಯೋಗಪ್ರಿಯ:
ನಮಸ್ಕಾರ ಎಲ್ಲರಿಗೂ. ಲಾಲಾರಸದ ಪ್ರೋಟೀನ್‌ಗಳು ಹಲ್ಲಿನ ಎನಾಮಲ್ಲನ್ನ (ಹೊರಗಿನ ಗಟ್ಟಿ ಪದರ) ಹೇಗೆ ಕಾಪಾಡ್ತವೆ ಅಂತ ಮಗಳ ಸೈನ್ಸ್ ಪ್ರಾಜೆಕ್ಟಿಗೆ ತೋರಿಸ್ಬೇಕಿತ್ತು. ಹಲ್ಲಿನ ಬದಲು ಮೊಟ್ಟೆ ಚಿಪ್ಪು ತಗೊಂಡು, ಒಂದು ಚೂರನ್ನ ರಾತ್ರಿಯಿಡೀ ಜೊಲ್ಲಲ್ಲಿ ಇನ್ನೊಂದನ್ನ ನೀರಲ್ಲಿ ಇಟ್ಟು, ಬೆಳಿಗ್ಗೆ ಎರಡನ್ನೂ ವಿನೆಗರಿಗೆ ಹಾಕಿದ್ವಿ. ಎರಡರಲ್ಲೂ ಒಂದೇ ಥರ ಗುಳ್ಳೆ ಬಂತು, ಎರಡೂ ಒಂದೇ ಥರ ಮೆತ್ತಗಾದ್ವು. ಮತ್ತೆ ಮಾಡಿ ನೋಡಿದ್ರೂ ಅದೇ ಕಥೆ. ಪುಸ್ತಕದಲ್ಲಿ ಪೆಲಿಕಲ್ ಅಂತ ರಕ್ಷಣೆಯ ಪದರ ಇದೆ ಅಂತಾರಲ್ಲ, ಅದೆಲ್ಲಿ ಹೋಯ್ತು?

ಹಲ್ಲುಗಿಳಿ:
ವಿನೆಗರ್ ತುಂಬಾ ಸ್ಟ್ರಾಂಗ್ ಆಯ್ತು ಅನ್ಸತ್ತೆ, ನೀರು ಬೆರೆಸಿ ನೋಡಿ.

ಬಯೋಕೆಮ್_ಓದುಗ:
ನೀರು ಬೆರೆಸೋದು ಸರಿನೇ, ಆದ್ರೆ ಅದಕ್ಕಿಂತ ಮೊದಲು ಚಿಪ್ಪನ್ನೇ ಬದಲಾಯಿಸ್ಬೇಕು. ಮೊಟ್ಟೆ ಚಿಪ್ಪು ಅಂದ್ರೆ ಹೆಚ್ಚುಕಮ್ಮಿ ಪೂರ್ತಿ ಕ್ಯಾಲ್ಸಿಯಂ ಕಾರ್ಬೊನೇಟ್, ಗುಳ್ಳೆ ಬರೋದೂ ಅದರಿಂದಲೇ. ಎನಾಮಲ್ಲು ತೂಕದಲ್ಲಿ ಸುಮಾರು 96% ಖನಿಜ, ಅದೂ ಹೈಡ್ರಾಕ್ಸಿಅಪಟೈಟ್, ಅಂದ್ರೆ ಕ್ಯಾಲ್ಸಿಯಂ ಮತ್ತೆ ಫಾಸ್ಫೇಟ್ ಸೇರಿದ ಹರಳು. ಲಾಲಾರಸದ ಪ್ರೋಟೀನ್‌ಗಳು ಅಂಟೋಕೆ ಹೊಂದಿಕೊಂಡಿರೋದು ಈ ಹರಳಿಗೆ. ಸ್ಟ್ಯಾಥೆರಿನ್ ಅನ್ನೋದನ್ನೇ ನೋಡಿ, ಬರೀ 43 ಅಮೈನೋ ಆಮ್ಲಗಳ ಪುಟ್ಟ ಪ್ರೋಟೀನು, ಅದರ ಒಂದು ತುದೀಲಿ ಫಾಸ್ಫೇಟ್ ಅಂಟಿರೋ ಸೆರಿನ್ ಅನ್ನೋ ಅಮೈನೋ ಆಮ್ಲಗಳು, ಪಕ್ಕದಲ್ಲೇ ಆಮ್ಲೀಯ ಅಮೈನೋ ಆಮ್ಲಗಳು, ಹಾಗಾಗಿ ಆ ತುದಿ ತುಂಬಾ ಋಣ ಚಾರ್ಜ್ ಇದ್ದು ಎನಾಮಲ್ ಮೇಲಿನ ಕ್ಯಾಲ್ಸಿಯಮ್ಮನ್ನ ಗಟ್ಟಿಯಾಗಿ ಹಿಡ್ಕೊಳ್ಳತ್ತೆ. ಪ್ರೋಲೀನ್ ಅನ್ನೋ ಅಮೈನೋ ಆಮ್ಲ ಜಾಸ್ತಿ ಇರೋ ಆಮ್ಲೀಯ ಪ್ರೋಟೀನ್‌ಗಳೂ ಹೀಗೇ ಬಂದು ಕೂರ್ತವೆ, ಆಮೇಲೆ ಮ್ಯೂಸಿನ್, ಅಮೈಲೇಸ್ ಥರದ ಲಾಲಾರಸದ ಬೇರೆ ಪ್ರೋಟೀನ್‌ಗಳೆಲ್ಲಾ ಸೇರ್ಕೊಳ್ತವೆ. ಉಜ್ಜಿ ತೊಳೆದ ಹಲ್ಲಿನ ಮೇಲೆ ಕೆಲವೇ ನಿಮಿಷದಲ್ಲಿ ಈ ಪೆಲಿಕಲ್ ಕಟ್ಟೋದು ಶುರುವಾಗಿ, ಎರಡು ಗಂಟೆ ಕಳೆಯೋ ಹೊತ್ತಿಗೆ ಒಂದು ಹಂತಕ್ಕೆ ಬರತ್ತೆ. ದಪ್ಪ ಎಷ್ಟು ಅಂದ್ರೆ ಸಾಮಾನ್ಯವಾಗಿ ಒಂದು ಮೈಕ್ರಾನೂ ಇರಲ್ಲ!

ಇನ್ನೊಂದು ವಿಷಯ, ರಾತ್ರಿಯಿಡೀ ಹೊರಗೆ ಇಟ್ಟ ಜೊಲ್ಲಲ್ಲಿ ಬ್ಯಾಕ್ಟೀರಿಯಾದ ಎಂಜೈಮ್‌ಗಳು ಪ್ರೋಟೀನ್‌ಗಳನ್ನ ಕತ್ತರಿಸಿ ಹಾಕ್ತವೆ. ಆಗಷ್ಟೇ ಸಂಗ್ರಹಿಸಿದ್ದು ಬೇಕು, ಎರಡು ಗಂಟೆ ಸಾಕು.

ಪ್ರಯೋಗಪ್ರಿಯ:
ಓ, ಮೂಲದಲ್ಲೇ ವಸ್ತು ಬೇರೆ! ಹಾಗಾದ್ರೆ ಕಿತ್ತ ಹಲ್ಲು ಬೇಕಾ? ಮತ್ತೆ ಲಾಲಾರಸದಲ್ಲಿ ಬೈಕಾರ್ಬೊನೇಟೂ ಇರತ್ತಲ್ವಾ, ಅದು ಆಸಿಡ್ಡನ್ನ ತಟಸ್ಥ ಮಾಡಿದ್ರೆ ಪ್ರೋಟೀನಿಂದ ಆಗಿದ್ದು ಅಂತ ಹೇಗೆ ಹೇಳೋದು?

ಬಯೋಕೆಮ್_ಓದುಗ:
ತುಂಬಾ ಒಳ್ಳೇ ಪ್ರಶ್ನೆ, ಮಗಳ ಪ್ರಾಜೆಕ್ಟ್ ನಿಲ್ಲೋದೇ ಇದರ ಮೇಲೆ. ಜೊಲ್ಲಿಂದ ತೆಗೆದ ಮೇಲೆ ನೀರಲ್ಲಿ ಮೆಲ್ಲಗೆ ಅದ್ದಿ ತೊಳೀರಿ. ಬೈಕಾರ್ಬೊನೇಟ್ ನೀರಿಗೆ ಹೋಗತ್ತೆ, ಅಂಟಿದ ಪ್ರೋಟೀನ್ ಪದರ ಉಳಿಯತ್ತೆ. ಉಜ್ಬೇಡಿ ಮಾತ್ರ.

ಹಲ್ಲಿನ ಡಾಕ್ಟರ ಹತ್ರ ಕಿತ್ತ ಹಲ್ಲು ಕೇಳಿ, ಅವರೇ ಉದ್ದಕ್ಕೆ ಎರಡು ಹೋಳು ಮಾಡಿಕೊಟ್ರೆ ಇನ್ನೂ ಒಳ್ಳೇದು, ಯಾಕಂದ್ರೆ ಒಬ್ಬೊಬ್ಬರ ಎನಾಮಲ್ ಒಂದೊಂದು ಥರ, ಒಂದೇ ಹಲ್ಲಿನ ಎರಡು ಹೋಳಿದ್ರೆ ಹೋಲಿಕೆಗೆ ಅರ್ಥ ಇರತ್ತೆ. ಎರಡು ಹೋಳಿಗೂ ನೇಲ್ ಪಾಲಿಶ್ ಬಳಿದು ಎನಾಮಲ್ ಮೇಲೆ ಚಿಕ್ಕ ಕಿಟಕಿ ಮಾತ್ರ ಬಿಡಿ. ಕೊಯ್ದ ಕಡೆ ಮತ್ತೆ ಬೇರಿನ ಕಡೆ ಕಾಣೋ ಡೆಂಟಿನ್ (ಎನಾಮಲ್ ಒಳಗಿನ ಪದರ) ಪೂರ್ತಿ ಮುಚ್ಚಿರ್ಬೇಕು, ಅದು ಎನಾಮಲ್ಲಿಗಿಂತ ಬೇಗ ಕರಗತ್ತೆ. ಪಾಲಿಶ್ ಚೆನ್ನಾಗಿ ಒಣಗಿದ ಮೇಲೆ ಒಂದು ಹೋಳು ಜೊಲ್ಲಿಗೆ, ಇನ್ನೊಂದು ಅಷ್ಟೇ ಹೊತ್ತು ನೀರಿಗೆ.

ಆಸಿಡ್ಡಿಗೆ, ವಿನೆಗರ್ ಒಂದು ಪಾಲಿಗೆ ಡಿಸ್ಟಿಲ್ಡ್ ವಾಟರ್ 99 ಪಾಲು, ಪಿಎಚ್ (ಆಸಿಡ್ ಎಷ್ಟು ಜೋರು ಅನ್ನೋ ಅಳತೆ, ಕಮ್ಮಿ ಇದ್ದಷ್ಟೂ ಜೋರು) 3.4 ಆಸುಪಾಸು ಬರತ್ತೆ. ನಲ್ಲಿ ನೀರು ಬೇಡ, ಅದರಲ್ಲಿರೋ ಕ್ಷಾರ ಇಷ್ಟು ತೆಳು ಆಸಿಡ್ಡನ್ನ ನುಂಗಿಬಿಡತ್ತೆ. ಎನಾಮಲ್ ಕರಗೋಕೆ ಶುರುವಾಗೋದು ಸುಮಾರು 5.5ರ ಕೆಳಗೆ, ಹಾಗಾಗಿ 3.4 ಅಂದ್ರೂ ಆಸಿಡ್ ಸಾಕಷ್ಟು ಜೋರೇ. ಕೊನೇಲಿ ತೊಳೆದು ಒಣಗಿಸಿ ಲೈಟ್ ಕೆಳಗೆ ಓರೆಯಾಗಿ ಹಿಡಿದು ನೋಡಿ, ಆಸಿಡ್ ತಿಂದ ಕಿಟಕಿ ಹೊಳಪು ಕಳ್ಕೊಂಡು ಸುಣ್ಣದ ಥರ ಬೆಳ್ಳಗಾಗಿರತ್ತೆ. ಹೋಳುಗಳು ಜಾಸ್ತಿ ಸಿಕ್ರೆ ಬೇರೆ ಬೇರೆ ಟೈಮಿಗೆ ಒಂದೊಂದು ಜೋಡಿ ತೆಗೀರಿ, ಒಂದು ಸಲ ಒಣಗಿಸಿದ್ದನ್ನ ಮತ್ತೆ ಆಸಿಡ್ಡಿಗೆ ಹಾಕ್ಬೇಡಿ.

ಹಲ್ಲುಗಿಳಿ:
ಪದರ ಇದ್ರೆ ಆಸಿಡ್ ತಾಗೋದೇ ಇಲ್ವಾ?

ಬಯೋಕೆಮ್_ಓದುಗ:
ತಾಗತ್ತೆ. ಪದರ ತಡೆಗೋಡೆ ಅಲ್ಲ, ಆಸಿಡ್ ಒಳಗೆ ಹೋಗೋದನ್ನೂ ಕ್ಯಾಲ್ಸಿಯಂ ಹೊರಗೆ ಬರೋದನ್ನೂ ನಿಧಾನ ಮಾಡತ್ತೆ ಅಷ್ಟೆ. ತುಂಬಾ ಹೊತ್ತು ನೆನೆಸಿದ್ರೆ ಎರಡು ಹೋಳೂ ಒಂದೇ ಥರ ಕಾಣೋದು ಅದಕ್ಕೇ. ಬಾಯಲ್ಲಾದ್ರೆ ಅಷ್ಟರಲ್ಲಿ ಹೊಸ ಲಾಲಾರಸ ಹರಿದು ಬಂದು ಆಸಿಡ್ಡನ್ನ ತೊಳೆದಿರತ್ತೆ. ಆ ಲಾಲಾರಸದಲ್ಲಿ ಕ್ಯಾಲ್ಸಿಯಂ-ಫಾಸ್ಫೇಟ್ ಎಷ್ಟು ತುಂಬಿರತ್ತೆ ಅಂದ್ರೆ ತಾನಾಗೇ ಹರಳುಗಟ್ಟಿ ಕೆಳಗೆ ಕೂರ್ಬೇಕು. ಹಾಗಾಗದ ಹಾಗೆ ತಡೆದು ಎನಾಮಲ್ ರಿಪೇರಿಗೆ ಉಳಿಸೋದೂ ಇದೇ ಸ್ಟ್ಯಾಥೆರಿನ್. ನನಗಂತೂ ಇಡೀ ವಿಷಯದಲ್ಲಿ ಅತಿ ಇಷ್ಟದ ಭಾಗ ಇದು, ಚಾರ್ಟಲ್ಲಿ ಖಂಡಿತ ಬರೆಸಿ.

ಪ್ರಯೋಗಪ್ರಿಯ:
ಬರೆಸ್ತೀನಿ ಸರ್, ತುಂಬಾ ಥ್ಯಾಂಕ್ಸ್. ಹಲ್ಲನ್ನ ಕ್ಲೀನ್ ಮಾಡಿಯೇ ಕೊಡ್ತಾರಾ?

ಬಯೋಕೆಮ್_ಓದುಗ:
ಸೋಂಕು ತೆಗೆದು ಕೊಡಿ ಅಂತ ನೀವೇ ಕೇಳಿ, ಆದ್ರೂ ಗ್ಲೌಸ್ ಹಾಕ್ಕೊಂಡೇ ಮುಟ್ಟಿ. ಜೊಲ್ಲು ಮಗಳದ್ದೇ ಆಗಿರ್ಲಿ, ಬೇರೆಯವರದ್ದು ಬೇಡ. ಮತ್ತೆ ಯಾವುದರಲ್ಲಿ ಕ್ಲೀನ್ ಮಾಡಿದ್ರು ಅಂತ ಕೇಳೋದು ಮರೀಬೇಡಿ. ಬ್ಲೀಚ್ ಆಗಿದ್ರೆ ನೀರು ಬದಲಾಯಿಸ್ತಾ ಚೆನ್ನಾಗಿ ನೆನೆಸಿ, ಚೂರು ಉಳಿದ್ರೂ ನೀವು ಕೂರಿಸೋ ಪ್ರೋಟೀನನ್ನೇ ಅದು ಒಡೆದು ಹಾಕತ್ತೆ.