ಹತ್ತನೇ ಕ್ಲಾಸ್ ನಾಟಕಕ್ಕೆ ಐಡಿಯಾ ಕೊಡಿ

ಚಿಕ್ಕಮಗಳೂರಿನವ್ರು ಯಾರಾದ್ರೂ ಇದೀರಾ? ಡಿಸೆಂಬರ್ ಕೊನೇಲಿ ಮಗಳ ಸ್ಕೂಲ್ ಡೇ, ಹತ್ತನೇ ಕ್ಲಾಸವ್ರದ್ದೇ ನಾಟಕ ಅಂತೆ, 20 ಮಕ್ಳು, ಸ್ಕ್ರಿಪ್ಟ್ ನೀವೇ ತನ್ನಿ ಅಂದ್ಬಿಟ್ರು ಮೇಷ್ಟ್ರು.

» ಬಾಬಾಬುಡನ್ ಯೆಮನ್‌ನಿಂದ 7 ಕಾಫಿ ಬೀಜ ಬಚ್ಚಿಟ್ಕೊಂಡು ತಂದ್ರು ಅಂತಾರಲ್ಲ, ಅದನ್ನೇ ಮಾಡ್ಸಿ. ಸೆಟ್ಟಿಗೆ ನಾಲ್ಕು ಗೋಣಿಚೀಲ ಸಾಕು.

» ಐಡಿಯಾ ಸರಿ, ಆದ್ರೆ ಈಗ ಅರೇಬಿಕಾ ಕೊಯ್ಲು, ತೋಟದ ಕಡೆ ಮಕ್ಳಿಗೆ ಸಂಜೆ ಬಸ್ ತಪ್ಪಿದ್ರೆ ಮುಗೀತು, ಹೋದ್ವರ್ಷ ನಮ್ಮಲ್ಲಿ ಸಂಜೆ ಪ್ರಾಕ್ಟೀಸ್ ಇಟ್ಟು ರಾಜನ ಪಾರ್ಟಿನೋನೇ ಬರ್ಲಿಲ್ಲ, ಕೊನೆಗೆ ಕಿರೀಟ ಪಿ.ಟಿ. ಮೇಷ್ಟ್ರ ತಲೆಗೆ 😄 ಮಧ್ಯಾಹ್ನವೇ ಇಟ್ಕೊಳಿ.

ನಕ್ಕೂ ನಕ್ಕೂ ಸಾಕಾಯ್ತು. ಬೀಜದ ನಾಟಕನೇ ಫಿಕ್ಸ್. ಗಡ್ಡಕ್ಕೆ ಹತ್ತಿ ನಡಿಯುತ್ತಾ?

» ಹತ್ತಿ ಬೆವರಿಗೆ ಕಿತ್ಕೊಂಡ್ ಬರುತ್ತೆ ಮೇಡಂ, ಸೆಣಬು ದಾರಕ್ಕೆ ಕಟ್ಟಿ ಕಿವಿಗೆ ಸಿಗ್ಸಿ.